ನಾಲ್ಕು ಲಿಯಾಂಗ್‌ ಬಲ, ಸಾವಿರ ಜಿನ್‌ ಭಾರ

ಶಾಂಘೈನ ಫುಶಿಂಗ್ ಉದ್ಯಾನದಲ್ಲಿ ಬೆಳಗ್ಗೆ ನಮಗೆ ಚೀನಾದ ಸಮರಕಲೆ ತೈಚಿ ಕಲಿಸುವ ಶಿಫು (ಗುರು) ಮಿತಭಾಷಿ. ಬಾಯಿ ತೆರೆದರೆ ಅರ್ಧಕ್ಕರ್ಧ ಗಾದೆಯೇ. ಊರಿನ ಸ್ನೇಹಿತರು ಇಂಥವನ್ನು ಸೂರ್ಯೋದಯದ ಚಿತ್ರದ ಮೇಲೆ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಇಲ್ಲಿ ಅವನ್ನು ಹೇಳುವುದು ಮಂಡಿಗೆ, ಸೊಂಟಕ್ಕೆ.

'ನಾಲ್ಕು ಲಿಯಾಂಗ್‌ನಿಂದ ಸಾವಿರ ಜಿನ್ ಸರಿಸು' ಎಂಬುದು ಎಲ್ಲಕ್ಕಿಂತ ಪ್ರಸಿದ್ಧ. ಲಿಯಾಂಗ್, ಜಿನ್ ಚೀನಾದ ತೂಕದ ಅಳತೆಗಳು; ಇಂದಿನ ಲೆಕ್ಕದಲ್ಲಿ 200 ಗ್ರಾಂನಿಂದ 500 ಕಿಲೋ! ಬಡಕಲು ಮುದುಕ ದೈತ್ಯನನ್ನು ಉರುಳಿಸುವ ಪವಾಡವೆಂದು ಜನ ಖುಷಿಪಡುತ್ತಾರೆ. ಆದರೆ ಈ ಮಾತು ಬರುವ ಹಳೆಯ ಪದ್ಯದಲ್ಲಿ ಅದಕ್ಕೆ ಮುಂಚಿನ ಸಾಲು, 'ಅವನು ಎಷ್ಟೇ ಬಲದಿಂದ ಹೊಡೆಯಲಿ, ಬರಲಿ ಬಿಡು' ಎನ್ನುತ್ತದೆ. ಸಾವಿರ ಜಿನ್ ಎದುರಾಳಿಯದು. ಜೋಡಿಯಾಗಿ ತಳ್ಳುವ ಅಭ್ಯಾಸದಲ್ಲಿ ಶಿಫು ನನ್ನ ಮಣಿಕಟ್ಟಿನ ಮೇಲೆ ಅಂಗೈಯನ್ನು ಸುಮ್ಮನೆ ಇಟ್ಟಿರುತ್ತಾರೆ. ನಾನು ಮೈಯೆಲ್ಲ ಹೇರಿ ತಳ್ಳಿದರೆ ಅವರ ಸೊಂಟ ಒಂದಿಷ್ಟು ತಿರುಗುತ್ತದೆ, ನಾನು ಮುಗ್ಗರಿಸುತ್ತೇನೆ. ತಳ್ಳದೆ ಸುಮ್ಮನೆ ನಿಂತರೆ ಅವರ ನಾಲ್ಕು ಲಿಯಾಂಗ್‌ಗೂ ಕೆಲಸವಿಲ್ಲ.

ಹಾಗೆಂದು ಬಲವೇ ಬೇಡವೆಂದಲ್ಲ. 'ಪಟ್ಟು ಕಲಿತು ಕಸುವು ಬೆಳೆಸದವನಿಗೆ ಮುಪ್ಪಿನಲ್ಲಿ ಬರಿಗೈ' ಎಂಬ ಇನ್ನೊಂದು ಮಾತಿದೆ. ಅದಕ್ಕಾಗಿಯೇ ಜಾನ್ ಜ್ವಾಂಗ್: ಮಂಡಿ ತುಸು ಬಾಗಿಸಿ, ಮರವನ್ನು ತಬ್ಬಿದಂತೆ ತೋಳು ಎತ್ತಿ, ಅಲುಗದೆ ನಿಲ್ಲುವುದು. ಮೊದಲು ಹೆಗಲು ಉರಿಯುತ್ತದೆ, ಆಮೇಲೆ ತೊಡೆ ನಡುಗುತ್ತದೆ, ಸಿಟ್ಟೂ ಬರುತ್ತದೆ. ಶಿಫು ಬಂದು ಎರಡೂ ಹೆಗಲನ್ನು ಒತ್ತಿ ಇಳಿಸುತ್ತಾರೆ. ಭಾರ ಅಂಗಾಲಿಗೆ ಜಾರುತ್ತದೆ. ನಮ್ಮ ಗರಡಿಯ ಉಸ್ತಾದರು ಪಟ್ಟು ಹೇಳಿಕೊಡುವ ಮುನ್ನ ಬಸ್ಕಿ ಹೊಡೆಸುವುದೂ ಇದೇ ಲೆಕ್ಕದಲ್ಲಿ.

'ಚಳಿಗಾಲದಲ್ಲಿ ಮೂರನೆಯ ಒಂಬತ್ತು, ಬೇಸಿಗೆಯಲ್ಲಿ ಮೂರು ಫೂ' ಎಂಬುದು ಪಂಚಾಂಗದ ಮಾತು. ಡಿಸೆಂಬರ್ 21ರ ಸುಮಾರಿಗೆ ಬರುವ ವರ್ಷದ ಅತಿ ಚಿಕ್ಕ ಹಗಲಿನಿಂದ ಒಂಬತ್ತೊಂಬತ್ತು ದಿನ ಎಣಿಸಿದರೆ ಮೂರನೆಯ ಕಂತು ಜನವರಿ ನಡುವಿಗೆ ಬರುತ್ತದೆ. ಫೂ ಎಂದರೆ ಜುಲೈ ನಡುವಿನಿಂದ ಆಗಸ್ಟ್‌ವರೆಗಿನ ಧಗೆ. ಆ ದಿನಗಳಲ್ಲೂ ಅಭ್ಯಾಸ ತಪ್ಪಿಸಬೇಡ ಎಂದಷ್ಟೇ ಅರ್ಥ, ಬಿಸಿಲಲ್ಲಿ ಬೇಯು ಎಂದಲ್ಲ. ಫೂ ದಿನಗಳಲ್ಲಿ ಶಿಫು ಬೇಗ ಬಂದು, ಮರದ ನೆರಳು ಬಿಟ್ಟು ಆಚೆ ಕದಲುವುದಿಲ್ಲ.

'ತೈಚಿ ಹತ್ತು ವರ್ಷ ಹೊಸ್ತಿಲು ದಾಟದು' ಎಂಬುದು ಮಾತ್ರ ನಮ್ಮ ಗುಂಪಿನಲ್ಲಿ ನಡೆಯುವುದಿಲ್ಲ. ಹತ್ತು ವರ್ಷ ಕಲಿಯದೆ ಹೊರಗೆ ಕಾದಾಟಕ್ಕೆ ಇಳಿಯಬೇಡ ಎಂಬುದು ಹೊಡೆದಾಡುವವರಿಗೆ ಸರಿ. ರಕ್ತದೊತ್ತಡಕ್ಕೆಂದು ಬರುವ ಅಜ್ಜಿಯೊಬ್ಬರು ಅದನ್ನು ಕೇಳಿದಾಗಲೆಲ್ಲ, "ಅಷ್ಟು ಹೊತ್ತಿಗೆ ನನಗೆ ತೊಂಬತ್ತು, ಆಮೇಲೆ ಯಾರನ್ನು ಹೊಡೆಯಲಿ?" ಎಂದು ಶಿಫುವನ್ನೇ ಕೇಳುತ್ತಾರೆ.