ಟೇಪು ನಡುವಿಗೆ ಹಿಡಿ

ನಮ್ಮ ಕಡೆ ಅಡಿಕೆ ತೋಟ ಅಂದರೆ ಬರೀ ತೋಟವಲ್ಲ, ಅದರ ತಲೆ ಮೇಲೆ ಬೆಟ್ಟ ಇರಬೇಕು. ಉತ್ತರ ಕನ್ನಡದಲ್ಲಿ 1 ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದು ಬ್ರಿಟಿಷರ ಕಾಲದ ಮಾತು. ಸೊಪ್ಪು ಕಡಿಯಬಹುದು, ದರಕು (ಉದುರಿದ ಒಣ ಎಲೆ) ಗುಡಿಸಬಹುದು, ಒಣಕಟ್ಟಿಗೆ ಹೊತ್ತು ತರಬಹುದು. ಮರ ಮಾತ್ರ ಸರ್ಕಾರದ್ದು. ಕೇಳುವುದಕ್ಕೆ ಸುಲಭ. ಮೂರು ತಲೆಮಾರು ಬೇಲಿ ಕಟ್ಟಿ, ಬೇಸಗೆಯಲ್ಲಿ ಬೆಂಕಿ ಬೀಳದಂತೆ ಕಾದ ಬೆಟ್ಟದ ಮರ ನಿನ್ನದಲ್ಲ ಎಂದು ಒಬ್ಬ ತೋಟಿಗನಿಗೆ ಹೇಳಿ ನೋಡಿ. ನಾನು ಹೇಳಿದ್ದೇನೆ. 36 ವರ್ಷ ಸಂಬಳ ತಗೊಂಡು ಅದನ್ನೇ ಹೇಳಿದ್ದೇನೆ.

ಶಿರಸಿ ಹತ್ತಿರದ ನಮ್ಮ ಮನೆಗೆ 2 ಎಕರೆ ತೋಟ, ಅದಕ್ಕೆ ತಕ್ಕ ಬೆಟ್ಟ. 1981ರಲ್ಲಿ ನಾನು ಫಾರೆಸ್ಟರ್ ಆಗಿ ಸೇರಿದಾಗ ಅಪ್ಪಯ್ಯನಿಗೆ ಖುಷಿ, ಊರವರಿಗೆ ಅದಕ್ಕಿಂತ ಜಾಸ್ತಿ. ನಮ್ಮವನೇ ಒಬ್ಬ ಒಳಗೆ ಸೇರಿಕೊಂಡ ಎಂಬ ಲೆಕ್ಕ. (ಈಗ ಆ ಹುದ್ದೆಗೆ ಉಪ ವಲಯ ಅರಣ್ಯಾಧಿಕಾರಿ ಎಂದು ಉದ್ದದ ಹೆಸರಿದೆ. ಕಾಲು ಸವೆಯುವುದು ಅಷ್ಟೇ.) 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆಯ ಜನ ಕಾಡಿಗೆ ನುಗ್ಗಿ, ಕಡಿಯಲು ಬಿಡದೆ ಮರ ಅಪ್ಪಿಕೊಂಡು ನಿಂತಾಗ (ಅಪ್ಪಿಕೋ ಚಳವಳಿ ಅದು) ನಾನು ದಾಂಡೇಲಿ ಕಡೆ ತೇಗದ ನಾಟಾಕ್ಕೆ, ಅಂದರೆ ಕಡಿದ ದಿಮ್ಮಿಗೆ, ಇಲಾಖೆಯ ಮುದ್ರೆಯ ಹ್ಯಾಮರ್ ಹೊಡೆಸುತ್ತಿದ್ದೆ. ರಜೆಗೆ ಬಂದರೆ ಓರಗೆಯ ಹುಡುಗರು, ನೀನು ಕಡಿಸುವವ, ನಾವು ಅಪ್ಪುವವರು ಎಂದು ಕಿಚಾಯಿಸುತ್ತಿದ್ದರು. ನಗುತ್ತಿದ್ದೆ. ಒಳಗೊಳಗೆ ಅವರ ಮಾತೇ ಸರಿ ಅನಿಸುತ್ತಿತ್ತು. ಬೆಳಿಗ್ಗೆ ಬಸ್ಸು ಹತ್ತಿ ಮತ್ತೆ ದಾಂಡೇಲಿಗೆ ಹೋಗುತ್ತಿದ್ದೆ. ಆಮೇಲೆ ಯಲ್ಲಾಪುರ, ಅಂಕೋಲಾ, ಕಾರವಾರ. ಸ್ವಂತ ತಾಲೂಕಿಗೆ ಮಾತ್ರ ವರ್ಗ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದು 1994ರ ಫೆಬ್ರವರಿಯಲ್ಲಿ ಚೆನ್ನಾಗಿ ಗೊತ್ತಾಯಿತು.

ಕೊನೆಕೊಯ್ಲಿಗೆಂದು (ಕೊನೆ ಅಂದರೆ ಅಡಿಕೆ ಗೊನೆ) 8 ದಿನ ರಜೆ ಹಾಕಿ ಬಂದಿದ್ದೆ. ಅಂಗಳದಲ್ಲಿ ಅಡಿಕೆ ಒಣಗಿಸುವ ನಮ್ಮ ಅಟ್ಟದ ಎರಡು ಕಂಬಕ್ಕೆ ಒರಲೆ (ಗೆದ್ದಲು) ಹತ್ತಿತ್ತು. ದೀಪಾವಳಿಗೆ ಬಂದಾಗಲೇ, ಒಂದು ಅರ್ಜಿ ಬರೆದು ಕೊಡು, ಏನಾದರೂ ವ್ಯವಸ್ಥೆ ಆಗುತ್ತದೆ ಎಂದು ಅಪ್ಪಯ್ಯನಿಗೆ ಹೇಳಿ ಹೋಗಿದ್ದೆ. "ಮಗನೇ ಫಾರೆಸ್ಟರ್ ಇದ್ದ, ಮತ್ತೆ ಅರ್ಜಿ ಎಂತಕ್ಕೆ?" ಎಂದಿದ್ದ. ತಮಾಷೆ ಎಂದುಕೊಂಡಿದ್ದೆ.

ಆ ದಿನ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುತ್ತಿದ್ದ, ಹಗ್ಗದಲ್ಲಿ ಜಾರಿ ಬಂದ ಕೊನೆ ನಾನು ಹಿಡಿಯುತ್ತಿದ್ದೆ. ಅಂಗಳದಲ್ಲಿ ಬೈಕು ನಿಂತ ಸದ್ದು. ಮೇಲೆ ಬಂದು ನೋಡಿದರೆ ಜಗಲಿಯಲ್ಲಿ ಖಾಕಿ ಅಂಗಿಯ ಇಬ್ಬರು. ಒಬ್ಬ ಗಾರ್ಡು, ಇನ್ನೊಬ್ಬ ನೌಕರಿಗೆ ಸೇರಿ ಎರಡು ವರ್ಷವೂ ಆಗಿರದ ಫಾರೆಸ್ಟರ್. ನನ್ನ ಕಂಡು ಎದ್ದು ನಿಂತ.

"ಸಾರ್, ಇದು ನಿಮ್ಮನೆ ಅಂತ ಗೊತ್ತಿರ್ಲಿಲ್ಲ. ಒಂದು ತಕರಾರು ಅರ್ಜಿ ಬಂದಿದೆ..."

ಅರ್ಜಿಯಲ್ಲಿ ಹೆಸರಿರಲಿಲ್ಲ. ಅಕ್ಷರ ನೋಡಿದೊಡನೆ ಬರೆದವ ಯಾರೆಂದು ತಿಳಿಯಿತು. ಅವನ ಭಾವನ ಮೇಲೆ ಯಲ್ಲಾಪುರದಲ್ಲಿ ನಾನೇ ಒಂದು ಕೇಸು ಬರೆದಿದ್ದೆ. ಸಾಲ ತೀರಿಸಿದ್ದ, ಬಡ್ಡಿ ಸಮೇತ.

ಆಯಿ ಒಳಗಿಂದ ಬಂದು "ಆಸರಿಗೆ ಎಂತ ಅಡ್ಡಿಲ್ಲೆ?" ಎಂದು ಕೇಳಿದಳು. ಮಜ್ಜಿಗೆ ಬಂತು. ಇಂಥ ಎಷ್ಟೋ ಜಗಲಿಗಳಲ್ಲಿ ಕೂತು ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು, ಮಹಜರು ಬರೆದು ಬಂದವನು ನಾನು. ಲೋಟ ಕೊಟ್ಟ ಕೈ ಯಾವತ್ತೂ ನೋಡಿರಲಿಲ್ಲ. ಅವತ್ತು ಆಯಿ ಮಜ್ಜಿಗೆಗೆ ಉಪ್ಪು ಹಾಕಲು ಮರೆತಿದ್ದಳು. ಇಬ್ಬರೂ ತುಟಿ ಪಿಟಕ್ಕೆನ್ನದೆ ಕುಡಿದರು.

ಅಪ್ಪಯ್ಯ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಮುಂದೆ ಹೊರಟ. "ಗಾಳಿಗೆ ಬಿದ್ದಿದ್ದು" ಎಂದ, ಯಾರೂ ಕೇಳದಿದ್ದರೂ. ಬೆಟ್ಟ ಹತ್ತುತ್ತ ಹತ್ತುತ್ತ ನನ್ನ ಕಣ್ಣು ಅದರಷ್ಟಕ್ಕೆ ಕೆಲಸ ಶುರುಮಾಡಿತ್ತು, ಬೇಡವೆಂದರೂ ಕೇಳುವುದಿಲ್ಲ. ಒಂದು ಕಡೆ ದರಕು ಸ್ವಲ್ಪ ಉಬ್ಬಿತ್ತು. ಮೇಲೆ ನೋಡಿದರೆ ಮತ್ತಿ, ನಂದಿ, ಕಿಂದಳದ ಮರಗಳು. ಕೆಳಗೆ ಬಿದ್ದಿದ್ದು ಹಲಸಿನ ಎಲೆ. ಹಲಸಿನ ಮರ ಇದ್ದಿದ್ದು ನಮ್ಮ ಕೊಟ್ಟಿಗೆಯ ಹಿಂದೆ. ಪಾಪ, ಅಪ್ಪಯ್ಯನಿಗೆ ಕದಿಯಲೂ ಸರಿಯಾಗಿ ಬರುತ್ತಿರಲಿಲ್ಲ. ಗಾರ್ಡು ಕಾಲಲ್ಲಿ ದರಕು ಸರಿಸಿದ. ಬುಡದಲ್ಲಿ ಕೊಡಲಿಯ ಕಚ್ಚು ಎದ್ದು ಕಾಣುತ್ತಿತ್ತು.

ಕಿಂದಳದ ತುಂಡು ಹತ್ತು ಮಾರು ಆಚೆ ಸೊಪ್ಪಿನ ಹೊರೆಯಡಿ ಮಲಗಿತ್ತು. ಉದ್ದ ಸರಿಯಾಗಿ 4 ಮೀಟರ್. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಬಂದಿದ್ದನ್ನು ಉದ್ದದಿಂದ ಗುಣಿಸುವುದು ನಮ್ಮ ಲೆಕ್ಕ. ಟೇಪು ಹಿಡಿಯಬೇಕಾದ್ದು ತುಂಡಿನ ನಡುವಿಗೆ. ಹುಡುಗ ತುದಿಗೆ ಹಿಡಿದ. ನನ್ನ ಮುಖ ನೋಡದೆ "1.20" ಎಂದ, ಗಾರ್ಡು ಬರೆದುಕೊಂಡ. ಬೇಕೆಂದೇ ಹಿಡಿದಿದ್ದ ಎಂಬುದು ಈಗ ಗೊತ್ತು. ಒಂದೇ ಅನ್ನ ತಿನ್ನುವ ಹಿರಿಯನಿಗೆ ತನ್ನ ಕೈಲಾದ ಮರ್ಯಾದೆ ಅದು.

"ಟೇಪು ನಡುವಿಗೆ ಹಿಡಿಯಪ್ಪ" ಎಂದುಬಿಟ್ಟೆ.

ಪ್ರಾಮಾಣಿಕತೆ ಗೀಮಾಣಿಕತೆ ಅಂತ ಯಾರೂ ತಿಳಿಯಬೇಡಿ. ಹೊಸಬರಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿದ ಚಾಳಿ. ಮಾತು ಹೊರಬಿದ್ದ ಮೇಲೆ ಅಪ್ಪಯ್ಯ ಪಕ್ಕದಲ್ಲಿದ್ದಾನೆ ಎಂದು ಹೊಳೆಯಿತು. ಹುಡುಗ ಟೇಪು ಸರಿಸಿದ. 1.40. ಅಂದರೆ 0.36 ಇದ್ದ ಘನ ಮೀಟರ್ 0.49 ಆಯಿತು. ಅಪ್ಪಯ್ಯನಿಗೆ ಘನ ಮೀಟರ್ ಗೊತ್ತಿರಲಿಲ್ಲ, ಅಂಕಿ ದೊಡ್ಡದಾದದ್ದು ಗೊತ್ತಾಯಿತು. ಮಹಜರಿಗೆ ಸಹಿ ಹಾಕುವಾಗ ನನ್ನ ಪೆನ್ನು ಕೇಳಲಿಲ್ಲ, ಗಾರ್ಡಿನ ಕಿಸೆಯಿಂದ ತಗೊಂಡ.

ದಂಡ ಕಟ್ಟಿಸಿದ್ದು ನಾನೇ. ಎಷ್ಟು ಎಂದು ಬರೆಯುವುದಿಲ್ಲ, ಆ ವರ್ಷದ ಒಂದು ಚೀಲ ಚಾಲಿ (ಒಣಗಿಸಿ ಸುಲಿದ ಅಡಿಕೆ) ಹೋಯಿತು ಅಂದರೆ ಸಾಕು. ತುಂಡು ಡಿಪೊಗೆ ಹೋಯಿತು. ರಜೆ ಮುಗಿಯುವವರೆಗೆ ಅಪ್ಪಯ್ಯ ನನ್ನೊಡನೆ ನೇರ ಮಾತಾಡಲಿಲ್ಲ. ಏನಿದ್ದರೂ ಆಯಿಯ ಮೂಲಕ: ಅವನಿಗೆ ಊಟಕ್ಕೆ ಬರಲು ಹೇಳು, ಅವನಿಗೆ ಬಸ್ಸಿನ ಹೊತ್ತಾಯಿತು ಹೇಳು. ಕವಳದ (ಎಲೆಯಡಿಕೆಯ) ಹರಿವಾಣ ಮಾತ್ರ ಊಟವಾದ ಮೇಲೆ ನನ್ನ ಕಡೆ ಸರಿಯುತ್ತಿತ್ತು.

ನಂತರದ ಸರ್ವೀಸಿನಲ್ಲಿ ಹೇಳುವಂಥದ್ದು ಬಹಳ ಇಲ್ಲ. ಕಾರವಾರದಲ್ಲಿ ಗಾಳಿಮರದ ಪ್ಲಾಂಟೇಶನ್ನು, ಮತ್ತೆ ಕಾಳಿ ದಂಡೆಯ ಕಾಡು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಹೆಸರಾಯಿತು, ಇನ್ನೆರಡು ವರ್ಷಕ್ಕೆ ನಾನು ನಿವೃತ್ತನಾದೆ. ಕೇಸು ಬರೆಯುವುದನ್ನು ಬಿಡಲಿಲ್ಲ. ಆದರೆ ಆರೋಪಿಯ ಮನೆಯಲ್ಲಿ ಮಜ್ಜಿಗೆ ಕುಡಿಯುವುದನ್ನು ಬಿಟ್ಟೆ. ನೀರು ಸಾಕು ಅನ್ನುತ್ತಿದ್ದೆ. ಅದಕ್ಕೂ ಕೆಲವರಿಗೆ ಸಿಟ್ಟು ಬಂದಿದೆ, ಭಾರೀ ಶಿಸ್ತಿನವ ಎಂದು.

ಅಟ್ಟಕ್ಕೆ ಕೊನೆಗೆ ನಿಂತಿದ್ದು ಸಿಮೆಂಟಿನ ಕಂಬ. ಇವತ್ತಿಗೂ ಇದೆ, ಒರಲೆಯ ಕಾಟವಿಲ್ಲ. ಅಪ್ಪಯ್ಯ ಇರುವಷ್ಟು ದಿನ ಬಂದ ನೆಂಟರನ್ನೆಲ್ಲ ಅಂಗಳಕ್ಕೆ ಕರೆದುಕೊಂಡು ಹೋಗಿ, ಆ ಕಂಬದ ಮೇಲೆ ಎರಡು ಸಲ ಅಂಗೈ ಬಡಿದು, ನನಗೆ ಕೇಳುವ ಹಾಗೆ ಹೇಳುತ್ತಿದ್ದ:

"ನಮ್ಮನೆ ಮಾಣಿ ಕೊಡಿಸಿದ್ದು."