ಎದುರು ಕೂತು ಕಲಿತ ಗಂಟು

ಮದುವೆಯಾದ ಹೊಸತು. ಉಡುಪಿ ಕಡೆ, ಶಂಕರಪುರದ ಹತ್ತಿರವಿರುವ ಅತ್ತಿಗೆಯ ಮನೆಗೆ ನಾಲ್ಕು ದಿನಕ್ಕೆಂದು ಹೋಗಿದ್ದೆ. ಮನೆ ಸುತ್ತ ಮಲ್ಲಿಗೆ ಗಿಡ. ನಾನು ಏಳುವಷ್ಟರಲ್ಲಿ ಮೊಗ್ಗು ಕೊಯ್ದಾಗಿತ್ತು. ಜಗಲಿಯಲ್ಲಿ ಅತ್ತಿಗೆ, ಅವರ ಅತ್ತೆ, ಪಕ್ಕದ ಮನೆಯ ಪುಟ್ಟ ಹುಡುಗಿ ಮಾತಾಡುತ್ತಲೇ ಹೂ ಕಟ್ಟುತ್ತಿದ್ದರು. ಯಾರ ಕಣ್ಣೂ ಕೈ ಮೇಲಿರಲಿಲ್ಲ.

ನಾನು ಮೈಸೂರಿನವಳು. ಮೊಳದ ಲೆಕ್ಕದಲ್ಲಿ ಹೂ ಕೊಂಡು ಗೊತ್ತು, ಕಟ್ಟಿ ಗೊತ್ತಿಲ್ಲ. ಇಲ್ಲಿ ಲೆಕ್ಕವೇ ಬೇರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ 3200 ಮೊಗ್ಗು! ಅದೂ ದಾರದಲ್ಲಲ್ಲ, ಒದ್ದೆ ಮಾಡಿ ಸೀಳಿದ ಬಾಳೆನಾರಿನಲ್ಲಿ.

"ನಂಗೂ ಹೇಳಿಕೊಡಿ ಅತ್ತಿಗೆ" ಎಂದೆ.

"ಹೇಳ್ಲಿಕ್ಕೆ ಎಂತ ಉಂಟು? ನೋಡು."

ಎದುರು ಕೂತು ನೋಡಿದೆ. ಎರಡು ಮೊಗ್ಗು ಅತ್ತ, ಎರಡು ಇತ್ತ, ನಾರು ಒಂದು ಸುತ್ತು. ಬೆರಳು ಅದೇನೋ ತಿರುಗಿತು, ಗಂಟು ಬಿತ್ತು. ನಿಧಾನಕ್ಕೆ ಮಾಡಿ ಎಂದರೆ ಅತ್ತಿಗೆಗೇ ಗಂಟು ತಪ್ಪಿತು! "ನೀನು ಹಾಗೆ ನೋಡಿದ್ರೆ ನಂಗೇ ಮರ್ತು ಹೋಗ್ತದೆ ಮಾರಾಯ್ತಿ" ಎಂದು ನಕ್ಕರು.

ಹೂ ಮಾರುವ ಕಟ್ಟೆಗೆ ಹೋಗುವ ಮೊಗ್ಗನ್ನು ನನ್ನ ಕೈಗೆ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ಅರಳಿಬಿಟ್ಟ ಹೂವನ್ನು ಮಾರುವಂತಿಲ್ಲವಲ್ಲ, ಅದನ್ನೇ ಒಂದು ಹಿಡಿ ಕೊಟ್ಟರು. ಎರಡು ದಿನ ಅದರ ಎಸಳು ಉದುರಿಸಿದ್ದೇ ಬಂತು.

ಮೂರನೆಯ ದಿನ ಗಂಟು ಬಿತ್ತು. ಹಿಗ್ಗಿ ತೋರಿಸಿದೆ. ಅತ್ತಿಗೆಯ ಅತ್ತೆ ಕನ್ನಡಕ ಸರಿಮಾಡಿಕೊಂಡು, "ಇವಳು ಎಡಗೈಯವಳಾ?" ಎಂದು ಕೇಳಿದರು. ಅಲ್ಲ! ಎದುರು ಕೂತಿದ್ದೆನಲ್ಲ, ಕನ್ನಡಿಯಲ್ಲಿ ಕಂಡಂತೆ ಎಲ್ಲ ಉಲ್ಟಾ ಕಲಿತಿದ್ದೆ. ಪುಟ್ಟ ಹುಡುಗಿಯ ಕಡೆ ನೋಡಿದೆ. ಅವಳು ಅಜ್ಜಿಯ ಪಕ್ಕ, ಭುಜಕ್ಕೆ ಭುಜ ತಾಗಿಸಿ ಕೂತಿದ್ದಳು. ನಾನೂ ಹೋಗಿ ಅತ್ತಿಗೆಯ ಪಕ್ಕ ಕೂತೆ. ಆದರೆ ಬಲಗೈಗೆ ಏನು ಮಾಡಿದರೂ ಬರಲಿಲ್ಲ. ಇವತ್ತಿಗೂ ಬರುವುದಿಲ್ಲ, ಬರೆಯುವುದು ಬಲಗೈಯಲ್ಲಿ, ಹೂ ಕಟ್ಟುವುದು ಎಡಗೈಯಲ್ಲಿ.

ಹೊರಡುವ ದಿನ ನಾನೇ ಕಟ್ಟಿದ ಮಾಲೆಯನ್ನು ಅತ್ತಿಗೆ ನನಗೆ ಮುಡಿಸಿದರು. ನೋಡಲು ಅವರದ್ದರ ಹಾಗೇ ಇತ್ತು. ನಾರನ್ನು ಎಷ್ಟು ಎಳೆಯಬೇಕು ಎನ್ನುವುದು ಮಾತ್ರ ಎದುರು ಕೂತರೂ ಪಕ್ಕ ಕೂತರೂ ಕಣ್ಣಿಗೆ ಕಾಣುವುದಿಲ್ಲ. ಬಸ್ಸು ಮಡಿಕೇರಿ ಘಟ್ಟ ಹತ್ತುವಷ್ಟರಲ್ಲಿ ಅರ್ಧ ಮಲ್ಲಿಗೆ ಹಿಂದಿನ ಸೀಟಿನವರ ಮಡಿಲಲ್ಲಿತ್ತು.