18ನೇ ವಾರ: ಕೊನೆಗೂ ಮುದ್ದೆಯ ಲೆಕ್ಕ ಸಿಕ್ಕಿತು

81.2 ಕೆಜಿ. ಏಳು ವಾರ ಇದೇ ಸಂಖ್ಯೆ. ಒಂದು ದಿನದ ತೂಕ ಅಲ್ಲ, ವಾರದ ಸರಾಸರಿ. ಒಮ್ಮೆ 81.1, ಒಮ್ಮೆ 81.4, ಮತ್ತೆ ಬಂದು 81.2ರಲ್ಲೇ ಕೂರುತ್ತಿತ್ತು.

ಕೊಬ್ಬು ಇಳಿಸಿಕೊಂಡೇ ಸ್ನಾಯು ಬೆಳೆಸುತ್ತೀನಿ ಅಂತ ಹೊರಟವರಿಗೆ ಇಲ್ಲೊಂದು ಸಿಹಿ ಸುಳ್ಳು ಕಾದಿರುತ್ತದೆ. ಎಷ್ಟು ಕೊಬ್ಬು ಹೋಯಿತೋ ಅಷ್ಟೇ ಸ್ನಾಯು ಬಂದಿದೆ, ಅದಕ್ಕೇ ತೂಕ ಅಲುಗಿಲ್ಲ ಅನ್ನೋದು. ನಾನೂ ಅದನ್ನೇ ನಂಬಿಕೊಂಡು ಮೂರು ವಾರ ಆರಾಮಾಗಿದ್ದೆ. ನಂಬೋಕೆ ಕಾರಣವೂ ಇತ್ತು. ಸ್ಕ್ವಾಟ್ (ಭುಜದ ಮೇಲೆ ಬಾರ್ ಹೊತ್ತು ಕೂತು ಏಳೋದು) 70ರಿಂದ 85 ಕೆಜಿಗೆ ಏರಿತ್ತು, ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತೋದು) 110 ಮುಟ್ಟಿತ್ತು. ಜೊತೆಗೆ ದಿನಕ್ಕೆ 5 ಗ್ರಾಂ ಕ್ರಿಯೇಟಿನ್ (ವ್ಯಾಯಾಮ ಮಾಡುವವರು ತಗೊಳ್ಳೋ ಪುಡಿ) ಬೇರೆ ಶುರು ಮಾಡಿದ್ದೆ. ಅದು ಸ್ನಾಯುವಿನಲ್ಲಿ ನೀರು ಹಿಡಿದಿಡುತ್ತದೆ, ಹೆಚ್ಚುಕಮ್ಮಿ ಒಂದು ಕೆಜಿ. ಸರಿ, ನೀರಿನ ತಲೆಗೂ ಒಂದಿಷ್ಟು ಕಟ್ಟಿದೆ.

ಆದರೆ ಟೇಪಿಗೆ ಏನು ಹೇಳೋದು? ಹೊಕ್ಕುಳಿನ ಮಟ್ಟದಲ್ಲಿ ಸೊಂಟ ಆಗಲೂ 37 ಇಂಚು, ಈಗಲೂ 37. ಕೊಬ್ಬು ನಿಜವಾಗಿ ಹೋಗಿದ್ದರೆ ಎಲ್ಲಿಂದ ಹೋಯಿತು, ಕಿವಿಯಿಂದಲಾ?

ಲೆಕ್ಕ ಹಾಕಿದೆ. ನನ್ನ ಖರ್ಚು ದಿನಕ್ಕೆ ಸುಮಾರು 2,400 ಕ್ಯಾಲರಿ. ಬರೆದಿಟ್ಟ ಪ್ರಕಾರ ತಿನ್ನುತ್ತಿದ್ದದ್ದು 2,000. ದಿನಕ್ಕೆ 400 ಕಮ್ಮಿ, 49 ದಿನಕ್ಕೆ 19,600. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಅಂತಿಟ್ಟುಕೊಂಡರೂ ಎರಡೂವರೆ ಕೆಜಿ ಇಳಿಯಬೇಕಿತ್ತು. ಇಳಿದದ್ದು ಸೊನ್ನೆ. ಅಂದರೆ ಎಲ್ಲೋ ದಿನಾ 400 ಕ್ಯಾಲರಿ ನನಗೆ ಗೊತ್ತಿಲ್ಲದೆ ಹೊಟ್ಟೆ ಸೇರುತ್ತಿದೆ.

ಮೊಟ್ಟೆ ಎಣಿಸಿ ತಿನ್ನೋದು. ಸೋಯಾ, ಚಿಕನ್ ಎಲ್ಲ ಪ್ಯಾಕೆಟ್ ಲೆಕ್ಕ. ಅಲ್ಲೆಲ್ಲ ಕಳ್ಳ ಅಡಗೋಕೆ ಜಾಗ ಇಲ್ಲ. ಉಳಿದದ್ದು ಮುದ್ದೆ.

ಊಟದ ಲೆಕ್ಕ ಬರೆಯುವ ಆ್ಯಪ್‌ನಲ್ಲಿ 'ರಾಗಿ ಮುದ್ದೆ, 1' ಅಂತ ಒತ್ತಿದರೆ 250 ಕ್ಯಾಲರಿ ತೋರಿಸುತ್ತದೆ. ಒಂದು ಅಂದರೆ ಯಾರ ಮನೆಯ ಒಂದು ಸ್ವಾಮಿ? ಬೆಂಗಳೂರಿನ ಹೋಟೆಲಿನಲ್ಲಿ ಬಟ್ಟಲಿಗೆ ಇಳಿಬಿಡುವ ಕಿತ್ತಳೆ ಗಾತ್ರದ್ದೂ ಒಂದೇ, ಹಾಸನದ ನಮ್ಮ ಮನೆಯಲ್ಲಿ ತಟ್ಟೆಗೆ ಬಿದ್ದಾಗ ದಪ್ ಅಂತ ಸದ್ದು ಮಾಡೋದೂ ಒಂದೇ. ಇದೇ ಆ್ಯಪ್ ಮೂಸಂಬಿಗೆ ಮಾತ್ರ ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಗಾತ್ರ ಕೇಳುತ್ತದೆ.

ತೂಗಿಬಿಡೋಣ ಅಂತ ಅಡುಗೆಮನೆ ತಕ್ಕಡಿ ತರಿಸಿದೆ. ಆನ್‌ಲೈನ್‌ನಲ್ಲಿ ತರಿಸಿದ ಮೊದಲನೆಯದು ಬರುವಾಗಲೇ ಕೆಟ್ಟಿತ್ತು. ಗೊತ್ತಾಗಿದ್ದು ಹೇಗೆ ಅಂದರೆ ಹತ್ತು ರೂಪಾಯಿ ನಾಣ್ಯದಿಂದ. ನಮ್ಮ ಕಡೆ ಎಷ್ಟೋ ಅಂಗಡಿಯವರು ಇವತ್ತಿಗೂ ಆ ನಾಣ್ಯ ಮುಟ್ಟೋದಿಲ್ಲ, ಹಾಗಾಗಿ ನನ್ನ ಹತ್ತಿರ ಒಂದು ಜಾಡಿ ತುಂಬ ಬಿದ್ದಿವೆ. ಎರಡು ಬಣ್ಣದ ಆ ನಾಣ್ಯ ಒಂದಕ್ಕೆ 7.7 ಗ್ರಾಂ. ಹತ್ತು ಇಟ್ಟರೆ 77 ಬರಬೇಕು, ಇದು 71 ಅಂದಿತು. ವಾಪಸ್ ಕಳಿಸಿದರೆ 'ಗ್ರಾಹಕರು ಸರಿಯಾಗಿ ಬಳಸಿಲ್ಲ' ಅಂತ ಉತ್ತರ. ತಕ್ಕಡಿ ಸರಿಯಾಗಿ ಬಳಸೋದು ಅಂದರೆ ಇನ್ನು ಹೇಗಪ್ಪಾ, ಆರತಿ ಎತ್ತಬೇಕಿತ್ತಾ? ಹನ್ನೊಂದು ದಿನದ ಜಗಳದ ನಂತರ ಎರಡನೆಯದು ಬಂತು. ನಾಣ್ಯಕ್ಕೆ 77. ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ಇಟ್ಟರೆ 518. ಹಾಲು ನೀರಿಗಿಂತ ಸ್ವಲ್ಪ ಭಾರ, ಪ್ಯಾಕೆಟ್ಟಿನದ್ದೂ ಸೇರಿತಲ್ಲ, ಸರಿಯಿದೆ.

(ಅದೇ ಗಳಿಗೆಯಲ್ಲಿ ಶೆಡ್ಡಿನಿಂದ ಬಾರ್ ತುದಿಗೆ ಹಾಕುವ ಎರಡೂವರೆ ಕೆಜಿ ಪ್ಲೇಟುಗಳನ್ನೂ ತಂದು ಇಟ್ಟೆ. ಒಂದು 2.28, ಇನ್ನೊಂದು 2.61. ಮಲಗಿ ಬಾರ್ ಎತ್ತುವ ಬೆಂಚ್ ಪ್ರೆಸ್‌ನಲ್ಲಿ ಬಾರ್ ಬಲಕ್ಕೆ ವಾಲುತ್ತೆ ಅಂತ ಎರಡು ತಿಂಗಳು ನನ್ನ ಬಲಭುಜವನ್ನು ಬೈದಿದ್ದೆ. ಮಾರಿದವನಿಗೆ ಫೋನ್ ಮಾಡಿದರೆ, 'ಸಾರ್, ಎರಡೂ ಸೇರಿಸಿದ್ರೆ ಐದು ಕೆಜಿ ಹತ್ರ ಹತ್ರ ಬರುತ್ತಲ್ವಾ' ಅಂದ.)

ಈಗ ಮುದ್ದೆ. ಬರೀ ಮುದ್ದೆ ತೂಗಿದರೆ ಏನೂ ಗೊತ್ತಾಗೋಲ್ಲ, ಅದರಲ್ಲಿ ಬಹುಪಾಲು ನೀರೇ ಇರುತ್ತೆ. ಒಳಗಿರುವ ಹಿಟ್ಟೆಷ್ಟು ಅನ್ನೋದು ಬೇಕು. ಅಮ್ಮನನ್ನು ಕೇಳಿದೆ.

"ಎಸರಿಗೆ ಎಷ್ಟು ಹಿಟ್ಟು ಹಾಕ್ತೀಯಮ್ಮ?"

"ಎಷ್ಟು ಬೇಕೋ ಅಷ್ಟು."

ಹಿಟ್ಟು ಅಳೆದು ಹಾಕು ಅಂದಿದ್ದಕ್ಕೆ, "ಉಣ್ಣೋ ಅನ್ನವ ತೂಕ ಹಾಕ್ತಾರೇನೋ? ನಾನೇನ್ ರೇಷನ್ ಅಂಗಡಿ ಇಟ್ಕೊಂಡಿದೀನಾ?" ಅಂತ ಮುದ್ದೆ ಕೋಲು ತೋರಿಸಿದಳು. ಹಾಗಾಗಿ ಕದ್ದು ಮಾಡಬೇಕಾಯಿತು. ಅಡುಗೆಗೆ ಮುಂಚೆ ಹಿಟ್ಟಿನ ಡಬ್ಬ ತೂಗೋದು, ಆದ ಮೇಲೆ ಮತ್ತೆ ತೂಗೋದು. ಕಟ್ಟಿದ ಮೂರೂ ಮುದ್ದೆಗಳನ್ನು ತಟ್ಟೆ ಸಮೇತ ತೂಗಿ, ತಟ್ಟೆಯದ್ದು ಕಳೆಯೋದು.

ಸೋಮವಾರ: ಡಬ್ಬದಲ್ಲಿ ಇಳಿದದ್ದು 310 ಗ್ರಾಂ. ಮುದ್ದೆಗಳು ಒಟ್ಟು 930. ಅಮ್ಮನದು 200, ಅಪ್ಪನದು 300, ನನ್ನದು 430! ಮೂರರಲ್ಲಿ ಒಂದು ಪಾಲು ಹಿಟ್ಟು ಅಂದರೆ ನನ್ನ ಮುದ್ದೆಯಲ್ಲಿ 143 ಗ್ರಾಂ. ರಾಗಿಹಿಟ್ಟು 100 ಗ್ರಾಂಗೆ 320 ಕ್ಯಾಲರಿ ಹಿಡಿದರೂ ಸುಮಾರು 460. ನಾನು ಬರೆದುಕೊಂಡಿದ್ದು 250. ಮಧ್ಯಾಹ್ನ ಒಂದು, ರಾತ್ರಿ ಒಂದು. 420 ಕ್ಯಾಲರಿ ಲೆಕ್ಕದಿಂದ ಹೊರಗೆ. ಕಾಣೆಯಾಗಿದ್ದ ಕಳ್ಳ ತಟ್ಟೆ ಮೇಲೆ, ಸೊಪ್ಪಿನ ಸಾರಿನ ಮಧ್ಯೆ ಕೂತಿದ್ದ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮಂಗಳವಾರ ಲೆಕ್ಕ ಕೆಟ್ಟಿತು. ಮುದ್ದೆಗಳ ತೂಕ ಅದೇ 930, ಡಬ್ಬದಲ್ಲಿ ಇಳಿದದ್ದು ಬರೀ 240. ಮತ್ತೆ ನಾಣ್ಯ ಇಟ್ಟೆ, 77. ಬ್ಯಾಟರಿ ಬದಲಿಸಿದೆ, 77. ನೀರು ಜಾಸ್ತಿ ಆಯಿತಾ ಅಂದರೆ ಮುದ್ದೆ ಗಟ್ಟಿಯಾಗೇ ಇತ್ತು. ಬುಧವಾರ 310, ಗುರುವಾರ ಮತ್ತೆ 240. ಎರಡು ರಾತ್ರಿ ನಿದ್ದೆ ಇಲ್ಲ. ಗುರುವಾರ ಸಾರಿಗೆ ಅದ್ದೋಕೆ ಅಂತ ಮುದ್ದೆ ಮುರಿದಾಗ ಒಳಗೆ ಬೆಳ್ಳಗೆ ಏನೋ ಕಂಡಿತು. ಬೆರಳಲ್ಲಿ ಹಿಸುಕಿ ನೋಡಿದರೆ ಅನ್ನದ ಅಗುಳು.

"ಉಳಿದಿದ್ದ ಅನ್ನ ಎಸರಿಗೆ ಹಾಕ್ದೆ. ಚೆಲ್ಲಕ್ಕಾಯ್ತದಾ?"

ಸುಮಾರು ಎರಡು ಹಿಡಿ, 200 ಗ್ರಾಂ ಅಂತಿಟ್ಟುಕೊಂಡು ಲೆಕ್ಕ ಮಾಡಿದೆ. ಬೆಂದ ಅನ್ನ 100 ಗ್ರಾಂಗೆ 130 ಕ್ಯಾಲರಿ. ಹಿಟ್ಟು ಕಮ್ಮಿಯಾಗಿದ್ದು, ಅನ್ನ ಸೇರಿದ್ದು ಎಲ್ಲ ಕೂಡಿ ಕಳೆದು ನನ್ನ ಮುದ್ದೆಗೆ ಬಂದ ವ್ಯತ್ಯಾಸ ಸುಮಾರು 17 ಕ್ಯಾಲರಿ. ಎರಡು ರಾತ್ರಿ ನಿದ್ದೆಗೆಟ್ಟದ್ದು ಒಂದು ಚಮಚ ಸಕ್ಕರೆಗೆ!

ಪರಿಹಾರ ಸರಳ. ನನ್ನ ಮುದ್ದೆ 250 ಗ್ರಾಂ, ಅಪ್ಪನದಕ್ಕಿಂತ ಚಿಕ್ಕದು. ಖಾಲಿಯಾದ ಜಾಗಕ್ಕೆ ಹುರಳಿಕಾಳು. ಇಲ್ಲೂ ಒಂದು ಪೆದ್ದುತನ ಆಗಿತ್ತು. 100 ಗ್ರಾಂ ಒಣ ಹುರಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಅಂತ ಓದಿ, ಹುರಳಿಕಟ್ಟಿನ ಸಾರನ್ನು ಲೋಟಗಟ್ಟಲೆ ಕುಡಿಯುತ್ತಿದ್ದೆ. ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ, ಕಟ್ಟಿಗೆ ಬರೋದು ಕೊಂಚ. ಊರಲ್ಲಿ ತಾತನ ಕಾಲದಿಂದ ಕಟ್ಟು ನಮಗೆ, ಬೆಂದ ಕಾಳು ಎತ್ತಿಗೆ. ಎತ್ತುಗಳು ಯಾಕೆ ಹಾಗಿದ್ದವು, ನಾವು ಯಾಕೆ ಹೀಗಿದ್ದೀವಿ ಅಂತ ಈಗ ಅರ್ಥ ಆಯಿತು. 81 ಕೆಜಿ ತೂಕಕ್ಕೆ, ಕೆಜಿಗೆ 1.6 ಗ್ರಾಂನಂತೆ ದಿನಕ್ಕೆ 130 ಗ್ರಾಂ ಪ್ರೋಟೀನ್ ನನ್ನ ಗುರಿ. ಕಾಳು ತಟ್ಟೆಗೆ ಬಂದ ಮೇಲೆ ಎರಡನೇ ಸ್ಕೂಪ್ ವೇ ಪುಡಿ (ಹಾಲಿನ ಪ್ರೋಟೀನ್) ಬಿಟ್ಟೆ. ಅದನ್ನು ಮಾರುವವನ ಬಗ್ಗೆ, ಸೀಲ್ ಒಡೆದ ಡಬ್ಬದ ಬಗ್ಗೆ ಇನ್ನೊಮ್ಮೆ ಬರೆಯುತ್ತೀನಿ, ಈಗ ಬಿಪಿ ಏರೋದು ಬೇಡ.

ಎತ್ತು ಅಂದಾಗ ನೆನಪಾಯಿತು. ಮುಂದಿನ ಕೆಲಸ ವ್ಯಾಯಾಮಕ್ಕೆ ಎತ್ತೋಕೆ ಒಂದು ಮರಳಿನ ಮೂಟೆ. ಎಪಿಎಂಸಿಯಲ್ಲಿ ಆಲೂಗಡ್ಡೆ ಮೂಟೆ ಹೊರುವವರನ್ನು ನೋಡಿದ್ದೀರಲ್ಲ? ಬೆನ್ನ ಮೇಲೆ 50 ಕೆಜಿ, ಬಾಯಲ್ಲಿ ಬೀಡಿ, ಲಾರಿಗೆ ಹಾಕಿದ ಹಲಗೆ ಮೇಲೆ ಓಡುತ್ತಾರೆ. ನಾನು 110 ಎತ್ತುತ್ತೀನಿ ಅನ್ನೋ ಜಂಬದಲ್ಲಿ ಒಂದು ಮೂಟೆ ತಬ್ಬಿ ಎತ್ತೋಕೆ ಹೋದೆ, ಎದೆ ಮಟ್ಟಕ್ಕೂ ಬರಲಿಲ್ಲ. ಬಾರ್‌ಗೆ ಹಿಡಿ ಇದೆ, ಮೂಟೆಗೆ ಎಲ್ಲಿದೆ? ಹಳೇ ಆಲೂಗಡ್ಡೆ ಚೀಲ ಎರಡು ಸಿಕ್ಕಿವೆ, ಪಕ್ಕದ ಮನೆ ಕಟ್ಟುವವರು ಎಂ-ಸ್ಯಾಂಡ್ ಕೊಡುತ್ತಾರೆ. ಗೋಣಿಯಿಂದ ಪುಡಿ ಸೋರುತ್ತೆ, ಒಳಗೆ ಹಿಂಡಿಯ ಪ್ಲಾಸ್ಟಿಕ್ ಚೀಲ ಹಾಕಬೇಕು. ಹೊಲಿಯೋಕೆ ದಬ್ಬಳ ಹುಡುಕುತ್ತಿದ್ದೀನಿ.

ಮುದ್ದೆ ಚಿಕ್ಕದಾಗಿ ನಾಲ್ಕು ವಾರ ಆಯಿತು. ಸರಾಸರಿ ತೂಕ 79.8, ಸೊಂಟ 36ಕ್ಕೆ ಇನ್ನು ಕಾಲಿಂಚು. ಸ್ಕ್ವಾಟ್ 87.5.

ಆದರೆ ಈ ವಾರ ಇಳಿಯೋದು ಮತ್ತೆ ನಿಧಾನ ಆಗಿದೆ. ಮಗ ಸೊರಗಿದ ಅಂತ ಅಮ್ಮನ ಚಿಂತೆ. ಮುದ್ದೆ ತೂಗಿ ನೋಡಿದರೆ ಸರಿಯಾಗಿ 250. ಅದರ ನೆತ್ತಿಯ ಮೇಲೆ ತುಪ್ಪಕ್ಕೆ ಅಂತ ಹೆಬ್ಬೆರಳಲ್ಲಿ ಮಾಡುವ ಗುಳಿ ಮಾತ್ರ ದಿನದಿಂದ ದಿನಕ್ಕೆ ಆಳ ಆಗುತ್ತಿದೆ. ನಿನ್ನೆ ಇಡೀ ಬೆರಳು ಇಳಿದಿತ್ತು. ತುಪ್ಪ ಗ್ರಾಂಗೆ 9 ಕ್ಯಾಲರಿ.

ಇವತ್ತು ರಾತ್ರಿ ತುಪ್ಪದ ಡಬ್ಬ ತೂಗಬೇಕು. ಅಮ್ಮ ಮಲಗಲಿ.